ಚಾಚಿದ ಎಡ ಅಂಗೈ

ಇದು ೨೦೦೯ರ ಆಗಸ್ಟ್ ತಿಂಗಳಲ್ಲಿ, ಶ್ರಾವಣದ ಒಂದು ವಾರದಲ್ಲಿ ನಡೆದದ್ದು. ಕ್ರಮ ಹೀಗಿದೆ. ಸೋಮವಾರ ಮಧ್ಯಾಹ್ನ ಅನ್ನಪೂರ್ಣವ್ವ ಆಸ್ಪತ್ರೆಯಿಂದ ಮರಳಿ ಬಂದರು. ಅದೇ ಸಂಜೆ ನುಂಗುವಿಕೆಯ ಮೊದಲ ಪರೀಕ್ಷೆ, ಮಂಗಳವಾರ ಬೆಳಿಗ್ಗೆ ಎರಡನೆಯದು. ಮಂಗಳವಾರ ಸಂಜೆ ಅವರ ಮಗ ಬಂದು ಹೋದರು. ಬುಧವಾರ ಬೆಳಿಗ್ಗೆ ಮೂರನೆಯ ಪರೀಕ್ಷೆ, ಅದೇ ಕೊನೆಯದು.

ಪೋಂಡಾ ಪಟ್ಟಣದ ಅಂಚಿನಲ್ಲಿದ್ದ ಆ ವೃದ್ಧರ ಆರೈಕೆ ಮನೆಗೆ ನಾನು ದಾಖಲೆ ಸಹಾಯಕಿಯಾಗಿ ಸೇರಿ ಆಗಿನ್ನೂ ಕೆಲವೇ ದಿನಗಳಾಗಿದ್ದವು. ಅಪ್ಪ ಕುಂಡಯಿಯ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತ ನನ್ನನ್ನು ಓದಿಸಿದ್ದರು, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ವೃದ್ಧರ ನಡಿಗೆ, ಚರ್ಮ, ಮಾತು, ನೆನಪು, ನುಂಗುವಿಕೆ ಇವುಗಳನ್ನು ಮೇಟ್ರನ್ ಪರೀಕ್ಷಿಸುವಾಗ ಪಕ್ಕದಲ್ಲಿ ನಿಂತು ಕಂಡದ್ದನ್ನು ಕಂಡಂತೆ ಬರೆಯುವುದು ನನ್ನ ಕೆಲಸ.

ಆಸ್ಪತ್ರೆಗೆ ಹೋಗಿ ಮರಳಿದವರ ವಿಷಯದಲ್ಲಿ ಅಲ್ಲಿ ಒಂದು ಪದ್ಧತಿ ಇತ್ತು. ಮರಳಿದವರನ್ನು ಮೊದಲ ಸಲ ಬಂದವರಂತೆಯೇ ಕಾಣಬೇಕು. ಅವರ ಹಳೆಯ ಕಡತ ಮೇಟ್ರನ್ ಅವರ ಬೀರುವಿನಲ್ಲಿರುತ್ತದೆ. ಹೊಸ ಮೌಲ್ಯಮಾಪನ ಮುಗಿಯುವವರೆಗೆ ಅದನ್ನು ಯಾರೂ ತೆರೆಯುವಂತಿಲ್ಲ. ಇದಕ್ಕೆ ಕಾರಣ ಮೋತಿಲಾಲ ಎಂಬ ಹಿರಿಯರು. ಹಿಂದಿನ ವರ್ಷ ಅವರು ಆಸ್ಪತ್ರೆಯಿಂದ ಮರಳಿದಾಗ ಯಾರೋ ಹಳೆಯ ಕಡತ ನೋಡಿ, 'ಎಲ್ಲವನ್ನೂ ತಿನ್ನುತ್ತಾರೆ' ಎಂಬ ಸಾಲನ್ನು ನಂಬಿ ಚಪಾತಿ ಕೊಟ್ಟರು. ತುಂಡು ಗಂಟಲಲ್ಲಿ ಸಿಕ್ಕಿ ಮೋತಿಲಾಲ ತೀರಿಕೊಂಡರು. ಅಂದಿನಿಂದ ಮೇಟ್ರನ್ ಸಿಸ್ಟರ್ ಎಸ್ಪೆರಾನ್ಸಾ ಬೀರುವಿನ ಕೀಲಿಯನ್ನು ಸೊಂಟದಿಂದ ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಈ ಪದ್ಧತಿಯಲ್ಲಿ ನನಗೆ ಗೌರವವಿತ್ತು. ಪ್ರಯೋಗ ಮಾಡುವವನು ಉತ್ತರವನ್ನು ಮೊದಲೇ ತಿಳಿದಿರಬಾರದು ಎಂದು ನಾನೂ ಕಲಿತಿದ್ದೆ.

ಆದ್ದರಿಂದ ಸೋಮವಾರ ನಾನು ಅನ್ನಪೂರ್ಣವ್ವನವರನ್ನು ನೋಡಿದಾಗ, ಅವರು ಪೋಂಡಾದ ಪಾತ್ರೆ ಅಂಗಡಿಯ ಪಂಚಾಕ್ಷರಿಯವರ ತಾಯಿ, ಧಾರವಾಡದ ಕಡೆಯವರು, ಪಾರ್ಶ್ವವಾಯುವಿನಿಂದ ಬಲಭಾಗ ಮತ್ತು ಮಾತು ಎರಡನ್ನೂ ಕಳೆದುಕೊಂಡವರು ಎಂಬುದಷ್ಟೇ ನನಗೆ ತಿಳಿದಿತ್ತು. ಆಸ್ಪತ್ರೆಯಲ್ಲಿ ಅವರಿಗೆ ಮೂಗಿನ ನಳಿಕೆಯ ಮೂಲಕ ಆಹಾರ ಕೊಡುತ್ತಿದ್ದರು. ದಾರಿಯಲ್ಲಿ ಆಂಬುಲೆನ್ಸ್ ತಿರುವು ತೆಗೆದುಕೊಳ್ಳುವಾಗ, ಸರಿಯಾಗಿದ್ದ ಎಡಗೈಯಿಂದ ಆ ನಳಿಕೆಯನ್ನು ಅವರೇ ಕಿತ್ತುಹಾಕಿದ್ದರು. ಮೂತ್ರದ ನಳಿಕೆ ಹಾಗೆಯೇ ಇತ್ತು.

ಸಂಜೆ ಸಿಸ್ಟರ್ ಅವರನ್ನು ದಿಂಬಿಗೆ ಒರಗಿಸಿ ಕೂರಿಸಿ ಒಂದು ಚಮಚ ನೀರನ್ನು ತುಟಿಗೆ ತಂದರು. ನೀರು ಒಳಗೆ ಹೋಗಬೇಕು, ಗಂಟಲಿನ ಗುಬಟು ಮೇಲೇರಿ ಇಳಿಯಬೇಕು, ಕೆಮ್ಮು ಬರಬಾರದು. ಪರೀಕ್ಷೆ ಇಷ್ಟೇ. ಅನ್ನಪೂರ್ಣವ್ವ ಬಾಯಿ ತೆರೆಯಲಿಲ್ಲ. ಮುಖವನ್ನು ತಿರುಗಿಸಿ, ಎಡಗೈಯನ್ನು ಮುಂದೆ ಚಾಚಿ, ಅಂಗೈಯನ್ನು ಬಟ್ಟಲಿನಂತೆ ಮಾಡಿ ಕಣ್ಣಿನ ಎತ್ತರಕ್ಕೆ ಹಿಡಿದರು. ಬರಿದಾದ ಆ ಅಂಗೈಯನ್ನೇ ರೆಪ್ಪೆ ಮಿಟುಕಿಸದೆ ನೋಡಿದರು.

ನಮೂನೆಯಲ್ಲಿ ಎರಡೇ ಮನೆಗಳಿದ್ದವು: ನುಂಗಿದರು, ನುಂಗಲಿಲ್ಲ. ನಾನು ಎರಡನೆಯದಕ್ಕೆ ಗುರುತು ಹಾಕಿದೆ. ವರ್ತನೆಯ ಕಲಮಿನಲ್ಲಿ 'ಅಂಗೈಯನ್ನು ದಿಟ್ಟಿಸುತ್ತಾರೆ' ಎಂದು ಬರೆದೆ. ಕೈಯನ್ನು ಕೆಳಗಿಳಿಸಿದ ಮೇಲೆ ಅದು ಎದೆಯ ನಡುವೆ ತಡಕಾಡತೊಡಗಿತು; ಬೆರಳುಗಳು ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಚರ್ಮದ ಕಲಮಿನಲ್ಲಿ 'ಎದೆಯ ಮೇಲೆ ತುರಿಕೆ' ಎಂದು ಸೇರಿಸಿದೆ. ಆಯಾ ಹುಸೇನಬಿ ಮುಲಾಮು ಹಚ್ಚಿದರು. ಅನ್ನಪೂರ್ಣವ್ವ ಅವರ ಕೈಯನ್ನು ತಳ್ಳಿದರು.

"ಹಚ್ಚಿಸ್ಕೋರಿ ಅವ್ವಾರ, ಪುಕ್ಸಟ್ಟೆ ಐತಿ," ಎಂದರು ಹುಸೇನಬಿ. ವಿಜಾಪುರದ ಕಡೆಯ ಈ ಹೆಂಗಸು ಹಿಂದಿನ ವಾರವಷ್ಟೇ ಗಂಡಸರ ವಿಭಾಗದಿಂದ ಈ ಕಡೆಗೆ ಬಂದಿದ್ದರು. ಅನ್ನಪೂರ್ಣವ್ವ ಅವರಿಗೂ ಹೊಸಬರೇ.

ಮಂಗಳವಾರ ಬೆಳಿಗ್ಗೆ ತುಟಿಗಳು ಒಡೆದಿದ್ದವು. ಹಿಂದಿನ ಮಧ್ಯಾಹ್ನದಿಂದ ಅವರ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಒದ್ದೆ ಹತ್ತಿಯನ್ನು ತುಟಿಗೆ ತಾಗಿಸಿದರೂ ಹಲ್ಲು ಕಚ್ಚಿ ಹಿಡಿಯುತ್ತಿದ್ದರು. ಎರಡನೆಯ ಪರೀಕ್ಷೆಯಲ್ಲೂ ಮೊದಲಿನಂತೆಯೇ ಆಯಿತು. ಚಮಚ ಹತ್ತಿರ ಬಂದ ಕೂಡಲೇ ಮುಖ ತಿರುಗಿತು, ಅಂಗೈ ಮೇಲೆ ಬಂತು.

"ಬಾಯಿಗೆ ಕೀಲಿ ಜಡದಾರ ನೋಡ್ರಿ," ಎಂದರು ಹುಸೇನಬಿ. "ನಮ್ಮತ್ತಿ ಹಿಂಗ ಒಂದ್ ದಿನಾರ ಬಾಯಿ ಮುಚ್ಚಿದ್ರ ನಾ ಯಾಕ ಊರ್ ಬಿಟ್ಟು ಗೋವಾಕ್ಕ ಬರತಿದ್ದೆ?"

ನನಗೆ ನಗು ಬರಲಿಲ್ಲ. "ಅಕ್ಕಾ, ಕೈಯಾಗ ಏನರ ಕೇಳಾಕತ್ತಾರೇನು?"

"ಹಂಗಂದ್ರ ಕೊಟ್ಟ ನೋಡೂಣಲ್ಲ."

ಒಂದು ಬಿಸ್ಕತ್ತನ್ನು ಅಂಗೈಯಲ್ಲಿಟ್ಟೆ. ಅವರು ಕೈಯನ್ನು ಓರೆ ಮಾಡಿ ಬೀಳಿಸಿದರು. ಮಂಚದ ಪಕ್ಕದಲ್ಲಿದ್ದ ಅವರ ಮಗನ ಫೋಟೊ ಇಟ್ಟೆ, ಅದೂ ಬಿತ್ತು. ಹುಸೇನಬಿ ತಾವು ಮುಡಿದಿದ್ದ ಅಬ್ಬಲಿಗೆ ದಂಡೆಯಿಂದ ಒಂದು ಹೂವು ಕಿತ್ತು ಇಟ್ಟರು. ಅದನ್ನು ಮಾತ್ರ ಅನ್ನಪೂರ್ಣವ್ವ ಬೀಳಿಸಲಿಲ್ಲ. ಬೆರಳುಗಳನ್ನು ಅದರ ಸುತ್ತ ಮಡಚಿ ನಮ್ಮಿಬ್ಬರನ್ನೂ ನೋಡಿದರು. ಏನೋ ಬರಬೇಕಾದದ್ದು ಇನ್ನೂ ಬಂದಿಲ್ಲ ಎಂಬಂತೆ ಕಾದರು. ನಾವು ಇನ್ನೇನನ್ನೂ ಕೊಡಲಿಲ್ಲ. ಅವರ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ವೈದ್ಯರು ಬಂದು ಸಲೈನ್ ಹಾಕಿಸಿದರು. ಸೂಜಿ ಚುಚ್ಚಿದ ಕಡೆ ಕೈ ಊದಿಕೊಂಡು ಅರ್ಧದಲ್ಲೇ ತೆಗೆಯಬೇಕಾಯಿತು. ಬೇರೆ ನರ ಸಿಗಲಿಲ್ಲ. ವೈದ್ಯರು ನನ್ನ ನಮೂನೆಯಲ್ಲಿದ್ದ ಎರಡು ಗುರುತುಗಳನ್ನು ನೋಡಿ ಹೇಳಿದರು: ಗಂಟಲಿಗೂ ಪಾರ್ಶ್ವವಾಯು ತಗುಲಿದೆ. ನಾಳೆ ಬೆಳಿಗ್ಗೆಯೂ ಹೀಗೇ ಆದರೆ ಆಸ್ಪತ್ರೆಗೆ ವಾಪಸು ಕಳಿಸಿ. ಮತ್ತೆ ಮೂಗಿಗೆ ನಳಿಕೆ ಹಾಕುತ್ತಾರೆ. ಈ ಸಲ ಕೀಳದ ಹಾಗೆ ಎಡಗೈಯನ್ನು ಮಂಚಕ್ಕೆ ಕಟ್ಟಿ ಇಡುತ್ತಾರೆ.

"ಎಷ್ಟು ದಿನ?" ಎಂದೆ.

"ನಳಿಕೆ ಇರುವಷ್ಟು ದಿನ," ಎಂದು ಹೇಳಿ ಅವರು ಹೊರಟರು.

ಬಲಗೈ ಸತ್ತಿತ್ತು, ನಾಲಿಗೆ ಸತ್ತಿತ್ತು. ಉಳಿದದ್ದು ಆ ಒಂದು ಕೈ. ಅದನ್ನು ಕಟ್ಟಿಸಲಿರುವುದು ನಾನು ಹಾಕಿದ ಗುರುತು. ಮತ್ತು ಆ ಗುರುತು ತಪ್ಪು ಎಂಬುದು ನನಗೆ ಆಗ ಹೊಳೆಯಿತು. ಪ್ರಯೋಗಶಾಲೆಯಲ್ಲಿ ದ್ರಾವಣವನ್ನು ತಕ್ಕಡಿಯಲ್ಲಿ ಇಡದೆಯೇ ತೂಕ ಸೊನ್ನೆ ಎಂದು ಬರೆದರೆ ಅಧ್ಯಾಪಕರು ಪುಸ್ತಕ ಎಸೆಯುತ್ತಿದ್ದರು. ಇಲ್ಲಿ ನೀರು ಬಾಯೊಳಗೆ ಹೋಗಿಯೇ ಇರಲಿಲ್ಲ.

ಸಿಸ್ಟರ್ ಎಸ್ಪೆರಾನ್ಸಾ ಅವರ ಕೋಣೆಗೆ ಹೋದೆ. ಅವರು ಮಾತಾಡುವುದು ಕೊಂಕಣಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆದಿದ್ದೇನೆ; ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ 'ಬಾಯ್' ಒಂದನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

"ಸಿಸ್ಟರ್, ಅವರು ನುಂಗಲಾರರು ಎಂದು ನಮಗೆ ಗೊತ್ತಿಲ್ಲ. ಬಾಯಿ ತೆರೆಯುತ್ತಿಲ್ಲ ಎಂದಷ್ಟೇ ಗೊತ್ತು. ಅವೆರಡೂ ಒಂದಲ್ಲ."

"ಒಂದಲ್ಲ, ಬಾಯ್. ಆದರೆ ನೀರಿಲ್ಲದ ದೇಹಕ್ಕೆ ಎರಡೂ ಒಂದೇ."

"ಹಳೆಯ ಕಡತ ಒಮ್ಮೆ ತೆರೆಯಿರಿ. ಕಾರಣ ಸಿಗಬಹುದು."

ಅವರು ಸೊಂಟದ ಕೀಲಿಯನ್ನು ಮುಟ್ಟಿದರು, ಕೈ ಹಿಂತೆಗೆದರು. "ಮೋತಿಲಾಲನ ಬಾಯಿಯಿಂದ ಆ ಚಪಾತಿ ತುಂಡನ್ನು ತೆಗೆದದ್ದು ಈ ಬೆರಳುಗಳು. ತೆಗೆದಾಗ ಅವನು ಇರಲಿಲ್ಲ. ನಾನು ತೆರೆಯುವುದಿಲ್ಲ. ಕಾರಣ ಬೇಕೆಂದರೆ ಈಗ ಮಂಚದ ಮೇಲಿರುವವಳನ್ನು ಕೇಳು."

ಕೇಳಿದರೆ ಉತ್ತರಿಸಲು ಅವರಿಗೆ ಮಾತಿರಲಿಲ್ಲ. ನಾನು ಮಂಚದ ಬಳಿಯೇ ಕುಳಿತೆ. ನೀರು ಬೇಕೇ ಎಂದು ಕೇಳಿದೆ. ಅವರು ಕಣ್ಣು ಮುಚ್ಚಿದರು. ನೋವಿದೆಯೇ ಎಂದೆ, ಕಣ್ಣು ಮುಚ್ಚಿದರು. ಸಾಯಬೇಕೆಂದಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ತಗಡಿನ ಮಾಡಿನಿಂದ ನೀರು ಧಾರೆಯಾಗಿ ಬೀಳುವ ಸದ್ದು ಕೇಳುತ್ತಲೇ ಇತ್ತು. ಒಡೆದ ತುಟಿಗಳ ಎದುರು ಅದನ್ನು ಕೇಳುವುದು ನನಗೇ ಹಿಂಸೆಯಾಯಿತು.

ಸಂಜೆ ಪಂಚಾಕ್ಷರಿಯವರು ಬಂದರು. ಹಣೆಯ ತುಂಬ ವಿಭೂತಿ, ಬಿಳಿ ಅಂಗಿ, ಕೈಯಲ್ಲಿ ಒದ್ದೆ ಕೊಡೆ. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಂಗಡಿ ಮುಚ್ಚಿ ತಾಯಿಯ ಪಕ್ಕದಲ್ಲೇ ಮಲಗಿದ್ದವರು ಅವರು.

"ಏನರ ತಗೊಂಡ್ಲೇನ್ರಿ ತಂಗಿ?"

"ಹನಿ ನೀರೂ ಇಲ್ರಿ."

ಅವರು ಮುಖ ಒರೆಸಿಕೊಂಡು ತಾಯಿಯ ದಿಂಬನ್ನು ಸರಿಪಡಿಸಲು ಬಾಗಿದರು. ಆಗ ಅನ್ನಪೂರ್ಣವ್ವನವರ ಎಡಗೈ ಮೇಲೆದ್ದಿತು. ಮಗನ ಕೆನ್ನೆಯನ್ನು ಸವರುತ್ತಾರೆಂದು ನಾನು ತಿಳಿದೆ. ಕೈ ಕೆನ್ನೆಯನ್ನು ದಾಟಿ ಅಂಗಿಯ ಕೊರಳೊಳಗೆ ಇಳಿಯಿತು. ಗುಂಡಿಯೊಂದು ಕಿತ್ತು ನೆಲಕ್ಕೆ ಬಿತ್ತು. ಕೈ ಹೊರಬಂದಾಗ ಮುಷ್ಟಿಯಲ್ಲಿ ಒಂದು ದಾರವಿತ್ತು. ದಾರದ ತುದಿಗೆ ಲಿಂಗವನ್ನಿಡುವ ಬೆಳ್ಳಿಯ ಕರಡಿಗೆ. ಪಂಚಾಕ್ಷರಿಯವರ ಎದೆಯ ಮೇಲೆ ಅಂಥದೇ ಇನ್ನೊಂದು ಕರಡಿಗೆ ತೂಗುತ್ತಿತ್ತು.

"ಅವ್ವಾ, ಬಿಡು. ಬಿಡಬೇ ಅವ್ವಾ," ಎಂದು ಅವರು ಬಾಗಿದಂತೆಯೇ ನಿಂತರು. ಅವರ ಕೊರಳಿಗೆ ದಾರ ಒತ್ತುತ್ತಿತ್ತು. ಅನ್ನಪೂರ್ಣವ್ವ ಬಿಡಲಿಲ್ಲ. ಒಂದು ದಿನಕ್ಕೂ ಹೆಚ್ಚು ಹೊತ್ತು ನೀರಿಲ್ಲದ ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ ತಿಳಿಯದು.

"ಎರಡು ಯಾಕ್ರಿ ನಿಮ್ಮ ಕೊರಳಾಗ?" ಎಂದು ಕೇಳಿದೆ.

"ಒಂದು ನಂದು, ಒಂದು ಅವ್ವನ್ದು. ದವಾಖಾನ್ಯಾಗ ಸ್ಕ್ಯಾನಿಂಗಿಗೆ ಹೊತ್ತೊಯ್ಯುವಾಗ ತಗದು ಕೊಟ್ರು. ಲಿಂಗಾ ಎಲ್ಲೆರ ಇಡಾಕ ಬರ್ತೈತೇನ್ರಿ? ಮೈಮ್ಯಾಲೇ ಇರಬೇಕು. ಅದಕ್ಕ ನಾನ ಕಟ್ಕೊಂಡೇನಿ. ದಿನಾ ಮುಂಜಾನಿ ನನ್ನ ಪೂಜಿ ಮಾಡಿ, ಆಮ್ಯಾಲ ಅವ್ವನ ಪೂಜಿ ಮಾಡ್ತೇನಿ. ಒಂದ್ ದಿನಾ ತಪ್ಪಿಸಿಲ್ಲ."

ನಮ್ಮ ಮನೆಯಲ್ಲಿ ಲಿಂಗ ಕಟ್ಟುವುದಿಲ್ಲ; ಅಮ್ಮ ಯಲ್ಲಮ್ಮನಿಗೆ ನಡೆದುಕೊಳ್ಳುವವಳು. ಆದರೆ ಕಾಲೇಜಿನ ಗೆಳತಿಯ ಮನೆಯಲ್ಲಿ ಅವಳ ಅಜ್ಜಿ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು, ಕಣ್ಣಿನ ಎತ್ತರಕ್ಕೆ ಹಿಡಿದು ಕೂರುತ್ತಿದ್ದುದನ್ನು ನೋಡಿದ್ದೆ. ನೋಡಿಯೂ ಆ ನೆನಪು ಸೋಮವಾರದಿಂದ ಇಲ್ಲಿಯವರೆಗೆ ನನಗೆ ಬಂದಿರಲಿಲ್ಲ.

"ಅವ್ವಾರು ಪೂಜಿಗಿಂತ ಮೊದಲ ನೀರು ಕುಡೀತಿದ್ರೇನ್ರಿ?"

ಪಂಚಾಕ್ಷರಿಯವರ ಮುಖದಲ್ಲಿ ಅಭಿಮಾನ ಮೂಡಿತು. "ಎಲ್ಲೀದ್ರಿ! ಜ್ವರಾ ಬಂದ್ರೂ ಇಲ್ಲ, ಹಡದ ಮರುದಿನಾನೂ ಇಲ್ಲಂತ. ಲಿಂಗಪೂಜಿ ಆಗದ ಹನಿ ನೀರು ಮುಟ್ಟಾಕಿ ಅಲ್ಲ ನಮ್ಮವ್ವ."

ಹೇಳಿ ಮುಗಿಸಿದ ಮೇಲೂ ಅವರಿಗೆ ತಮ್ಮ ಮಾತು ಕೇಳಿಸಿದಂತೆ ಕಾಣಲಿಲ್ಲ.

"ಹಂಗಾದ್ರ ಅವ್ರಿಗೆ ಅದನ್ನ ಕಟ್ರಿ. ಈಗ ಕಟ್ರಿ."

"ಇಲ್ಲೇ? ಹೆಂಗ್ರಿ?" ಅವರು ಧ್ವನಿ ತಗ್ಗಿಸಿದರು. "ಮೂತ್ರದ ನಳಿಗಿ ಐತಿ, ಚೀಲಾ ತೂಗಾಕತ್ತೈತಿ. ಜಳಕ ಇಲ್ಲ. ಹಾಸಿಗ್ಯಾಗ ಎಲ್ಲಾ ಆಗತೈತಿ. ಅಂಥಾ ಮೈಮ್ಯಾಲೆ ಲಿಂಗಾ ಕಟ್ಟಿದ್ರ ಆ ಪಾಪ ಅವ್ವಗ ಬರ್ತೈತಿ. ನಾ ಬದುಕಿರೋತನ ಹಂಗ ಆಗಾಕ ಬಿಡಂಗಿಲ್ಲ. ಆಕಿಗೆ ಚಲೋ ಆಗಲಿ, ನಾನ ಕೈಯಾರೆ ಕಟ್ತೇನಿ."

"ಲಿಂಗಾ ಇಲ್ಲದ ಚಲೋ ಆಗಂಗಿಲ್ರಿ ಅವ್ರಿಗೆ. ಅದಕ್ಕ ಬಾಯಿ ಮುಚ್ಚ್ಯಾರ."

"ಆಕಿಗೆ ಗುರ್ತ ಎಲ್ಲೈತ್ರಿ ತಂಗಿ? ಡಾಕ್ಟರೇ ಹೇಳ್ಯಾರ, ತಲ್ಯಾಗ ಏನೂ ಉಳದಿಲ್ಲಂತ. ದವಾಖಾನ್ಯಾಗ ನಳಿಗ್ಯಾಗ ಹಾಕಿದ್ದು ಎಲ್ಲಾ ತಗೊಂಡಾಳಲ್ಲ?"

"ಅದು ಬಾಯಿಲೆ ತಗೊಂಡಿದ್ದಲ್ರಿ. ಕೈಗೆ ಬಲಾ ಬಂದ ಕೂಡ್ಲೇ ಆ ನಳಿಗಿ ಕಿತ್ತಿದ್ದೂ ಅವ್ರ."

ಅವರು ಇನ್ನಷ್ಟು ಬಾಗಿದರು. ತಾಯಿಯ ಮುಷ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬಹಳ ಮೃದುವಾಗಿ ಬಿಡಿಸಿದರು. ಅವರ ಕಣ್ಣಿನಿಂದ ನೀರು ತಾಯಿಯ ಕೈಮೇಲೆ ಬೀಳುತ್ತಿತ್ತು. ಕೊನೆಯ ಬೆರಳು ಬಿಟ್ಟಾಗ ಅನ್ನಪೂರ್ಣವ್ವ ಮತ್ತೆ ಆ ಸದ್ದು ಮಾಡಿದರು. ಪಂಚಾಕ್ಷರಿಯವರು ಕಿವಿ ಮುಚ್ಚಿಕೊಳ್ಳುವವರಂತೆ ತಲೆ ಬಗ್ಗಿಸಿ ಹೊರಗೆ ನಡೆದರು. ನಾನು ಅವರ ಹಿಂದೆ ಓಡಿದೆ.

"ನಾಳಿ ಮುಂಜಾನಿ ಕಡೀ ಪರೀಕ್ಷಾ ಐತ್ರಿ. ಆಗಲಿಲ್ಲಂದ್ರ ದವಾಖಾನಿಗೆ ಒಯ್ದು ಆ ಕೈ ಕಟ್ಟಿ ಹಾಕ್ತಾರ. ಆಮ್ಯಾಲ ನೀವು ಲಿಂಗಾ ತಂದ್ರೂ ಹಿಡಿಯಾಕ ಕೈ ಇರಂಗಿಲ್ಲ."

ಅವರು ಕೊಡೆಯನ್ನು ಬಿಚ್ಚದೆ ಮಳೆಗೆ ಇಳಿದರು.

ಸಿಸ್ಟರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಬರೆಯುತ್ತಿದ್ದ ಪುಸ್ತಕವನ್ನು ಮುಚ್ಚಿದರು. "ಆ ಬೆಳ್ಳಿ ಡಬ್ಬಿ ನನಗೆ ನೆನಪಿದೆ. ಒಡವೆ ಅಂದುಕೊಂಡಿದ್ದೆ. ಬೆಳಿಗ್ಗೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಏನು ಮಾಡುತ್ತಾಳೆಂದು ನಾನು ಕೇಳಿರಲಿಲ್ಲ. ಮನೆಯವರು ತೆಗೆದಿಟ್ಟರು, ಒಳ್ಳೆಯದೇ ಆಯಿತು ಅಂದುಕೊಂಡೆ." ಆಮೇಲೆ ಎದ್ದು ಬೆಳಿಗ್ಗೆಗೆಂದು ಕೈಗವಸು ತೆಗೆದಿಟ್ಟರು. "ಮೂತ್ರದ ನಳಿಕೆ ಹೇಗೂ ಈ ವಾರ ತೆಗೆಯಬೇಕಿತ್ತು. ಬೆಳಿಗ್ಗೆ ಬೇಗ ತೆಗೆಯುತ್ತೇನೆ. ಉಳಿದದ್ದು ಆ ಮಗನ ಕೈಯಲ್ಲಿದೆ."

ಅಂಗಡಿಗೆ ಫೋನ್ ಮಾಡಿದೆ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನಮ್ಮ ಕಡೆ ನಳಿಕೆ ತೆಗೆಯುತ್ತೇವೆ, ಸ್ನಾನ ಮಾಡಿಸುತ್ತೇವೆ ಎಂದು ತಿಳಿಸಲು ಇನ್ನೊಂದು ದಾರಿ ಇರಲಿಲ್ಲ. ಅಪ್ಪನ ಜೊತೆ ಕೆಲಸ ಮಾಡುವ ಒಬ್ಬರ ಮನೆ ಆ ಅಂಗಡಿಯ ಹಿಂದಿನ ಓಣಿಯಲ್ಲಿತ್ತು. ಅವರ ಮೂಲಕ ಹೇಳಿ ಕಳಿಸಿದೆ. ಮಾತು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಸಿಸ್ಟರ್ ನಳಿಕೆ ತೆಗೆದರು. ಹುಸೇನಬಿ ಬಿಸಿನೀರಿನಲ್ಲಿ ಸ್ನಾನ ಮಾಡಿಸಿ, ತಲೆ ಬಾಚಿ, ಒಗೆದ ಇಳಕಲ್ ಸೀರೆ ಸುತ್ತಿದರು. ಅನ್ನಪೂರ್ಣವ್ವನವರ ಕಣ್ಣುಗಳು ಒಳಕ್ಕೆ ಇಳಿದಿದ್ದವು. ಚರ್ಮವನ್ನು ಚಿವುಟಿದರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ಆಂಬುಲೆನ್ಸ್ ಹೇಳಿದ್ದಕ್ಕಿಂತ ಮೊದಲೇ ಬಂದು ಅಂಗಳದಲ್ಲಿ ನಿಂತಿತು. ಚಾಲಕ ಚಹಾ ಕುಡಿದು ಎರಡು ಸಲ ಹಾರ್ನ್ ಹೊಡೆದ.

"ನಿನ್ನ ಗಾಡಿ ಎಮ್ಮಿ ಹಂಗ ಒದರಾಕತ್ತೈತಿ, ಅದಕ್ಕೊಂದ್ ಹಿಡಿ ಹುಲ್ಲು ಹಾಕಪಾ," ಎಂದು ಹುಸೇನಬಿ ಕಿಟಕಿಯಿಂದ ಕೂಗಿದರು. ಕೂಗಿದವರೇ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಿಸ್ಟರ್ ಚಮಚ ಕೈಗೆ ತೆಗೆದುಕೊಂಡರು. "ಇನ್ನು ಕಾಯುವಂತಿಲ್ಲ, ಬಾಯ್. ಇವಳು ನಮ್ಮ ಕೈಯಿಂದ ಹೋಗುತ್ತಿದ್ದಾಳೆ."

ಆಗ ಪಂಚಾಕ್ಷರಿಯವರು ಬಾಗಿಲಲ್ಲಿ ಕಾಣಿಸಿದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದು ಸ್ನಾನದ ನೀರೋ ಮಳೆಯದೋ ಹೇಳಲಾಗುತ್ತಿರಲಿಲ್ಲ. ಒಂದು ಕೈಯಲ್ಲಿ ಬಿಲ್ವಪತ್ರೆ, ಇನ್ನೊಂದರಲ್ಲಿ ತಂಬಿಗೆ.

"ರಾತ್ರಿ ಊರಿಗೆ ಫೋನ್ ಹಚ್ಚಿದ್ದೆ, ನಮ್ಮ ಮಠದ ಅಯ್ಯಾವ್ರಿಗೆ," ಎಂದರು, ಯಾರನ್ನೂ ನೋಡದೆ. "ಬೈದ್ರು ನನ್ನ. ಲಿಂಗಾ ಇಲ್ಲದ ಮೈಗೆ ಮೈಲಿಗಿ, ಲಿಂಗಾ ಇದ್ದ ಮೈಗೆ ಎಂಥಾ ಮೈಲಿಗಿಲೇ ಅಂದ್ರು." ತಂಬಿಗೆಯನ್ನು ಮಂಚದ ಪಕ್ಕದಲ್ಲಿಟ್ಟರು.

ಹುಸೇನಬಿ ಬಾಗಿಲ ಕಡೆಗೆ ಸರಿದರು. "ನಾ ಹೊರಗಿರ್ತೇನ್ರಿ ಸಾವ್ಕಾರ್ರ."

"ನೀವ್ಯಾಕ್ರಿ ಹೊರಗ? ಮೈ ತೊಳದಾಕಿ ನೀವು. ಹಿಂದ ಹಿಡೀರಿ, ಅವ್ವ ಒರಗತಾಳ."

ಹುಸೇನಬಿ ಹಿಂದಿನಿಂದ ಹಿಡಿದು ಕೂರಿಸಿದರು. ಮಗ ಮೊದಲು ತಾಯಿಯ ಕೊರಳಿಗೆ ದಾರ ಕಟ್ಟಿದರು, ಕರಡಿಗೆ ತೆರೆದರು, ಲಿಂಗವನ್ನು ತೆಗೆದು ಚಾಚಿದ ಅಂಗೈಯಲ್ಲಿಟ್ಟರು. ಅಂಗೈ ಕಣ್ಣಿನ ಎತ್ತರಕ್ಕೆ ಏರಿತು. ಈ ಸಲ ಅದು ಓರೆಯಾಗಲಿಲ್ಲ. ಪಂಚಾಕ್ಷರಿಯವರು ತಾಯಿಯ ಸತ್ತ ಬಲಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಆ ಬೆರಳುಗಳಿಂದಲೇ ವಿಭೂತಿ ಹಚ್ಚಿಸಿದರು, ಪತ್ರೆ ಏರಿಸಿದರು, ತಂಬಿಗೆಯ ನೀರನ್ನು ಹನಿಸಿದರು. ಅನ್ನಪೂರ್ಣವ್ವ ನೋಡುತ್ತಿದ್ದರು. ಸಿಸ್ಟರ್ ಚಮಚವನ್ನು ಕೆಳಗಿಟ್ಟು ನಿಂತಿದ್ದರು.

ಪೂಜೆ ಮುಗಿಯಿತು. ಅನ್ನಪೂರ್ಣವ್ವ ತಲೆ ಬಾಗಿಸಿ, ಅಂಗೈಯಲ್ಲಿ ನಿಂತ ನೀರಿಗೆ ತುಟಿ ಹಚ್ಚಿದರು.

ಬಾಯಿ ತೆರೆದಿತ್ತು. ನೀರು ಒಳಗೆ ಹೋಯಿತು. ನಾನು ಗಂಟಲನ್ನೇ ನೋಡುತ್ತಿದ್ದೆ. ಗುಬಟು ಏರಿತು, ನಡುವೆ ತಡೆಯಿತು. ಮರುಕ್ಷಣ ಕೆಮ್ಮು ಬಂತು. ಸಣ್ಣದಲ್ಲ. ಮುಖ ಕೆಂಪಾಗಿ ಮೈಯೆಲ್ಲ ಅಲುಗುವ ಕೆಮ್ಮು. ಸಿಸ್ಟರ್ ಎರಡು ಹೆಜ್ಜೆಯಲ್ಲಿ ಬಂದು ಅವರನ್ನು ಮುಂದಕ್ಕೆ ಬಾಗಿಸಿದರು. ಪಂಚಾಕ್ಷರಿಯವರು ಗೋಡೆಗೆ ಆತುಕೊಂಡರು. ವೈದ್ಯರು ಹೇಳಿದ್ದೇ ಸರಿ, ಗಂಟಲಿಗೂ ತಗುಲಿದೆ ಎಂದು ನನಗೆ ಅನಿಸಿತು. ಬಾಯಿ ತೆರೆಯಲು ಕಾರಣ ಸಿಕ್ಕಿತ್ತು, ನುಂಗಲು ದಾರಿ ಇರಲಿಲ್ಲ. ಹೊರಗೆ ಹಾರ್ನ್ ಮತ್ತೆ ಕೇಳಿಸಿತು.

ಕೆಮ್ಮು ನಿಂತಿತು. ಸಿಸ್ಟರ್ ಅವರ ಬೆನ್ನಿಗೆ ಕಿವಿಯಿಟ್ಟು ಉಸಿರನ್ನು ಆಲಿಸಿದರು.

"ನೀರು ಜಾರುತ್ತದೆ," ಎಂದರು. "ದಪ್ಪಗಿರುವುದು ಜಾರಲಿಕ್ಕಿಲ್ಲ. ಹುಸೇನಬಿ, ಪೇಜ ತಾ. ಸಸ್ಯಾಹಾರದ ಪಾತ್ರೆಯದು. ಅನ್ನ ಚೆನ್ನಾಗಿ ಹಿಸುಕಿ ತಾ."

ಅಕ್ಕಿಯ ಗಂಜಿಗೆ ಗೋವಾದಲ್ಲಿ ಪೇಜ ಎನ್ನುತ್ತಾರೆ. ಹುಸೇನಬಿ ಓಡಿ ತಂದರು. ಸಿಸ್ಟರ್ ಅನ್ನಪೂರ್ಣವ್ವನವರ ಗದ್ದವನ್ನು ಎದೆಯ ಕಡೆಗೆ ಬಾಗಿಸಿ, ಅರ್ಧ ಚಮಚ ಪೇಜವನ್ನು ನಾಲಿಗೆಯ ಎಡ ಅಂಚಿನಲ್ಲಿಟ್ಟರು. ಬಾಯಿ ಮುಚ್ಚಿತು. ಗುಬಟು ಏರಿತು, ಇಳಿಯಿತು. ಕಾದೆವು. ಕೆಮ್ಮು ಬರಲಿಲ್ಲ. ಎರಡನೆಯ ಚಮಚ, ಬರಲಿಲ್ಲ. ಮೂರನೆಯದಕ್ಕೆ ಅನ್ನಪೂರ್ಣವ್ವ ತಾವೇ ಬಾಯಿ ತೆರೆದು ಕಾದರು. ಎಡಗೈ ಎದೆಯ ಮೇಲಿನ ಕರಡಿಗೆಯನ್ನು ಹಿಡಿದಿತ್ತು.

ಸಿಸ್ಟರ್ ಕಿಟಕಿಯ ಬಳಿ ಹೋಗಿ ಚಾಲಕನಿಗೆ ಹೋಗು ಎಂದು ಕೈ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಬರೆ, ಬಾಯ್. ಕಂಡದ್ದನ್ನು ಕಂಡಂತೆ."

'ಎದೆಯ ಮೇಲೆ ತುರಿಕೆ' ಎಂಬ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದೆ. ನುಂಗುವಿಕೆಯ ಕಲಮಿನಲ್ಲಿ ಎರಡು ಮನೆಗಳ ಪಕ್ಕಕ್ಕೆ ಗೆರೆ ಎಳೆದು ಮೂರನೆಯದೊಂದನ್ನು ಮಾಡಿದೆ. ಅದರಲ್ಲಿ ಬರೆದದ್ದು ಇದು:

ಮೊದಲನೆಯ ಪರೀಕ್ಷೆ ನಡೆದಿಲ್ಲ. ಎರಡನೆಯ ಪರೀಕ್ಷೆ ನಡೆದಿಲ್ಲ. ಮೂರನೆಯದರಲ್ಲಿ ತೆಳು ನೀರಿಗೆ ಕೆಮ್ಮು ಇದೆ. ದಪ್ಪ ಪೇಜವನ್ನು ಬಾಯಿಯಿಂದ ನುಂಗುತ್ತಾರೆ. ನಳಿಕೆಯ ಅಗತ್ಯವಿಲ್ಲ.